ಹರಿಹರ ಶಾಖೆಯ ಉಡುಗೊರೆ ಪುರಾಣ

ಕೊಡುವವನಿಗೆ ಕೊಡಲು ಬರಬೇಕು, ತಗೊಳ್ಳುವವನಿಗೆ ತಗೊಳ್ಳಲು ಬರಬೇಕು. ಬ್ಯಾಂಕು ಉಡುಗೊರೆ ಕೊಡಲು ಹೊರಟಾಗ ಎರಡರಲ್ಲಿ ಒಂದು ಕಡೆಯಾದರೂ ಎಡವಟ್ಟಾಗದೆ ಮುಗಿದದ್ದನ್ನು ನನ್ನ ನೌಕರಿಯಲ್ಲಿ ನಾನು ಕಂಡಿಲ್ಲ.

ನಾನು ಹರಿಹರದ ಶಾಖೆಗೆ ಮ್ಯಾನೇಜರಾಗಿ ಬಂದ ವರ್ಷವೇ ರಸ್ತೆಯ ಆಚೆ ಬದಿಗೆ ಗಾಜಿನ ಬಾಗಿಲಿನ ಹೊಸ ಬ್ಯಾಂಕೊಂದು ತೆರೆಯಿತು. ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು. ದಾವಣಗೆರೆಯಲ್ಲಿ ಕೂತ ನಮ್ಮ ದೊಡ್ಡ ಸಾಹೇಬರು ಫೋನ್ ಮಾಡಿದರು. "ಹಳೇ ಗಿರಾಕಿಗಳನ್ನ ಉಳಿಸ್ಕೊಳ್ರಿ. ಇಲ್ಲಾಂದ್ರೆ ನಿಮ್ ಶಾಖೆ ಮುಚ್ಚಿ ದಾವಣಗೆರೆಗೆ ಸೇರಿಸ್ತೀವಿ."

ಪಿಂಚಣಿಗೆ ಕೋಲೂರಿಕೊಂಡು ಬರುವ ನಮ್ಮ ಅಜ್ಜ ಅಜ್ಜಿಯರು ದಾವಣಗೆರೆ ಬಸ್ಸಿಗೆ ನೂಕಾಡುವುದನ್ನು ನೆನೆದೇ ನನಗೆ ಸಂಕಟವಾಯಿತು. ಸರಿ, ಉಡುಗೊರೆ ಕೊಟ್ಟಾದರೂ ಉಳಿಸಿಕೊಳ್ಳೋಣ ಎಂದು ಹೊರಟೆ.

ಎತ್ತಿನ ರಜೆ

ಮೊದಲು ಬಂದದ್ದು ಕ್ಯಾಲೆಂಡರು. ಹೆಡ್ ಆಫೀಸಿನವರು ನುಣುಪು ಕಾಗದದ ಮೇಲೆ ತಿಂಗಳಿಗೊಂದು ಹಿಮದ ಬೆಟ್ಟ ಹಾಕಿಸಿ ಕಳಿಸಿದ್ದರು. ಪಕ್ಕದ ಸಾರಥಿ ಗ್ರಾಮದ ರೈತರೊಬ್ಬರಿಗೆ ಎರಡೂ ಕೈಯಿಂದ ಕೊಟ್ಟೆ. ಅವರು ಅಲ್ಲೇ ಬೆಂಚಿನ ಮೇಲೆ ಕೂತು ಹಾಳೆ ಹಾಳೆ ತಿರುವಿದರು.

"ಅಮಾಸಿ ಎಲ್ಲೈತ್ರಿ ಇದ್ರಾಗೆ?"

ಹುಡುಕಿದೆ. ಅಮಾವಾಸ್ಯೆಯೂ ಇಲ್ಲ, ಹುಣ್ಣಿಮೆಯೂ ಇಲ್ಲ. "ಇದ್ರಲ್ಲಿ ಹಾಕಿಲ್ಲ ಯಜಮಾನ್ರೇ."

"ಮತ್ತೆ ಈ ಕೆಂಪನೆವು ಏನ್ರಿ?"

"ಅವು ಬ್ಯಾಂಕಿನ ರಜೆ."

ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ ರಜಾ ಮಾತ್ರ ಕೆಂಪಗೆ ಬರ್ಕೊಂಡೀರಿ, ನನ್ನ ಎತ್ತಿನ ರಜಾ ಅಷ್ಟೂ ಕಿತ್ಕೊಂಡ್ರಲ್ರೀ!" ಎಂದರು.

ಗೇಟಿನ ಹೊರಗೆ

ಅಕ್ಕಿ ಮಿಲ್ಲಿನ ಯಜಮಾನರೊಬ್ಬರು ನಮ್ಮ ದೊಡ್ಡ ಗಿರಾಕಿ. ಮಿಲ್ಲು ಹರಿಹರದಲ್ಲಿ, ಮನೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ. ನನ್ನ ಅವರ ಪರಿಚಯವೆಲ್ಲ ಫೋನಿನಲ್ಲೇ. ಅವರಿಗೊಂದು ಸೂಟ್‌ಕೇಸು ಕೊಟ್ಟು ಬರೋಣವೆಂದು ನಾನು ಮತ್ತು ನಮ್ಮ ಕ್ಯಾಷಿಯರು, ಬಾತಿ ಊರಿನ ಹೆಣ್ಣುಮಗಳು, ಹೋದೆವು.

ಅದೇ ವಾರ ನಮ್ಮ ಬ್ಯಾಂಕೇ ಎಲ್ಲರ ಮೊಬೈಲಿಗೂ ಮೆಸೇಜು ಕಳಿಸಿತ್ತು: ಬ್ಯಾಂಕಿನ ಹೆಸರಲ್ಲಿ ಉಡುಗೊರೆ ಎಂದು ಬರುವವರನ್ನು ನಂಬಬೇಡಿ. ಅದು ನನಗೆ ನೆನಪಿರಲಿಲ್ಲ. ಅವರಿಗಿತ್ತು.

ಗೇಟಿನ ಹೊರಗೇ ನಿಂತು ನನ್ನ ಹೆಸರು, ಹುದ್ದೆ, ಬಂದ ಕಾರಣ ಎಲ್ಲ ಹೇಳಿದೆ. ಬಾಗಿಲಿಗೆ ಬಂದು ಕೇಳಿಸಿಕೊಂಡ ಯಜಮಾನರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುಗಳಿಗೆ ನನ್ನ ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು.

"ಮ್ಯಾನೇಜರ್ ಸಾಹೇಬ್ರೇ," ಪಿಸುದನಿ. "ನಿಮ್ ಹೆಸರು ಹೇಳ್ಕೊಂಡು ಜೋಡಿ ಕಳ್ರು ಬಂದು ನಮ್ ಗೇಟಿನತ್ರ ನಿಂತಾರ."

"ಸರ್, ಗೇಟಿನ ಹತ್ರ ಇರೋದು ನಾನೇ."

"ಅಲ್ಲೇ ಇದೀರಾ? ಚಲೋ ಆತು ಬಿಡ್ರಿ. ನಾನು ಬರೋತನಕ ಇಬ್ರನ್ನೂ ಬಿಡಬ್ಯಾಡ್ರಿ!"

ಡಬ್ಬಿ

ಕ್ಯಾಲೆಂಡರು, ಸೂಟ್‌ಕೇಸು ಎರಡೂ ಸೇರಿ ನನ್ನ ಮಾನ ಕಳೆದ ಮೇಲೆ ಸ್ಟೀಲ್ ಡಬ್ಬಿ ತರಿಸಿದೆ. ಮುಚ್ಚಳದ ಮೇಲೆ ಬ್ಯಾಂಕಿನ ಹೆಸರು ಅಚ್ಚುಕಟ್ಟಾಗಿ ಕೊರೆಸಿದ್ದೆ. "ಖಾಲಿ ಕೊಟ್ರೆ ಹೆಣ್ಮಕ್ಳು ಮುಖ ತಿರುವ್ತಾರೆ ಸರ್, ಏನಾರ ಹಾಕಿ ಕೊಡ್ರಿ," ಎಂದಳು ಕ್ಯಾಷಿಯರು. ಮಂಡಕ್ಕಿ ಉಂಡಿ ಹಾಕಿ ಕೊಟ್ಟೆವು. ಎಲ್ಲರೂ ನಗುನಗುತ್ತ ಒಯ್ದರು. ಈ ಸಲ ಗೆದ್ದೆ ಅಂದುಕೊಂಡೆ.

ವಾರ ಕಳೆದಿರಲಿಲ್ಲ. ಪಿಂಚಣಿಯ ಅಜ್ಜಿಯೊಬ್ಬರು ಬಂದು ಕೌಂಟರಿನ ಮೇಲೆ ಡಬ್ಬಿ ಇಟ್ಟರು. "ತಗೋ ಮಗಾ, ನಿಮ್ ಡಬ್ಬಿ."

ತೆರೆದರೆ ತುಂಬ ಶೇಂಗಾ ಚಟ್ನಿಪುಡಿ! ಹಿಂದೆಯೇ ಇನ್ನೊಬ್ಬರು ಕೊಡಬಳೆ ತುಂಬಿ ತಂದರು. ಅವರ ಹಿಂದಿನವರದು ಉಪ್ಪಿನಕಾಯಿ. ಮಧ್ಯಾಹ್ನದೊಳಗೆ ನನ್ನ ಮೇಜು ಮದುವೆ ಮನೆಯ ಉಗ್ರಾಣದಂತಾಯಿತು.

"ಅಜ್ಜಿ, ಡಬ್ಬೀನೇ ನಿಮಗೆ ಕೊಟ್ಟ ಉಡುಗೊರೆ."

"ಮುಚ್ಚಳದ ಮ್ಯಾಲೆ ನಿಮ್ ಹೆಸರು ಐತಲ್ಲೋ! ಯಾರ ಹೆಸರೈತೋ ಅವರ ಮನಿಗೆ ಪಾತ್ರೆ ಮುಟ್ಟಿಸ್ಬೇಕು. ಅದ್ನ ಖಾಲಿ ಕೊಡಾಕಾಗ್ತೈತಾ?"

ತಪ್ಪು ನಮ್ಮದೇ. ಲೋಟ, ಚಮಚಕ್ಕೂ ಹೆಸರು ಹಾಕಿಸುವ ಊರಿನಲ್ಲಿ ಬ್ಯಾಂಕಿನ ಹೆಸರಿನ ಡಬ್ಬಿ ಯಾರು ಇಟ್ಟುಕೊಳ್ಳುತ್ತಾರೆ? ಬಜಾರಿನಿಂದ ಪಾತ್ರೆಗೆ ಹೆಸರು ಕೊರೆಯುವವನನ್ನು ಕರೆಸಿ ಬಾಗಿಲ ಬಳಿ ಕೂರಿಸಿದೆ. ಬ್ಯಾಂಕಿನ ಹೆಸರಿನ ಕೆಳಗೆ ಗಿರಾಕಿಯ ಹೆಸರು, ಕೈಗೆ ಡಬ್ಬಿ. ಸುದ್ದಿ ಹಬ್ಬಿ ಸಾಲು ಮೆಟ್ಟಿಲು ದಾಟಿತು.

ಅದೇ ದಿನ ದೊಡ್ಡ ಸಾಹೇಬರು ಹೇಳದೆ ಕೇಳದೆ ಬಂದಿಳಿದರು. ಶಾಖೆ ಇರಬೇಕೋ ಮುಚ್ಚಬೇಕೋ ನೋಡಲೆಂದೇ ಬಂದಿದ್ದರು. ಒಳಗೆ ಗುರ್ ಅನ್ನುವ ಮಷೀನು, ಹೆಂಗಸರ ಗಲಾಟೆ, ಉಪ್ಪಿನಕಾಯಿ ವಾಸನೆ.

"ಏನ್ರೀ ಇದು? ಬ್ಯಾಂಕೋ, ಪಾತ್ರೆ ಅಂಗಡೀನೋ?"

ನಾನು ಉಪ್ಪಿನಕಾಯಿ ಡಬ್ಬಿಯನ್ನು ಫೈಲುಗಳ ಹಿಂದೆ ಸರಿಸಿದೆ. ಸಾಹೇಬರು ಸಾಲಿನ ಮುಂದಿದ್ದ ಚಟ್ನಿಪುಡಿ ಅಜ್ಜಿಯನ್ನೇ ಕೇಳಿದರು. "ಅಜ್ಜಿ, ಎದುರಿನ ಬ್ಯಾಂಕಿನಾಗೆ ಗೋಡೆ ಗಡಿಯಾರ ಕೊಡ್ತಾರಂತೆ. ಅಲ್ಲಿಗೆ ಹೋಗ್ಲಿಲ್ವಾ?"

"ಅದ್ಕೂ ಅವರ ಹೆಸರೇ ಹಾಕ್ಯಾರಪ್ಪ," ಎಂದರು ಅಜ್ಜಿ. "ಗಡಿಯಾರದಾಗೆ ಏನು ತುಂಬಿ ವಾಪಸ್ ಕೊಡ್ಲಿ?"

ಸಾಹೇಬರು ನಗು ತಡೆಯಲಾರದೆ ಕುರ್ಚಿ ಹಿಡಿದು ನಕ್ಕರು. ಸಾಲನ್ನು ಇನ್ನೊಮ್ಮೆ ಉದ್ದಕ್ಕೂ ನೋಡಿದರು. "ಇಷ್ಟು ಮಂದಿ ಬರೋ ಶಾಖೆ ಮುಚ್ಚಿದ್ರೆ ನಂಗೆ ಉಂಡ ಅನ್ನ ಮೈಗೆ ಹತ್ತಲ್ಲ. ಇರ್ಲಿ ಬಿಡ್ರಿ," ಎಂದರು. ನನಗೆ ಅಲ್ಲೇ ಕುಣಿಯಬೇಕೆನ್ನಿಸಿತು.

ಅಜ್ಜಿ ತಮ್ಮ ಹೆಸರು ಕೊರೆಸಿಕೊಂಡ ಡಬ್ಬಿಯನ್ನು ಚಟ್ನಿಪುಡಿ ಸಮೇತ ಸಾಹೇಬರ ಕೈಗಿಟ್ಟು, "ರೊಟ್ಟಿಗೆ ಹಚ್ಕೊಂಡು ತಿನ್ರಿ," ಎಂದರು. ಸಾಹೇಬರು ಸಂಕೋಚದಿಂದಲೇ ತೆಗೆದುಕೊಂಡು ಕಾರು ಹತ್ತಿದರು. ಕಾರು ಹೊರಡುವಷ್ಟರಲ್ಲಿ ಅಜ್ಜಿ ಮೆಟ್ಟಿಲ ಮೇಲೆ ನಿಂತು ಕೂಗಿದರು:

"ಸಾಹೇಬ್ರೇ, ಈಗ ಅದ್ರ ಮ್ಯಾಲೆ ನನ್ನ ಹೆಸರೈತೆ! ಖಾಲಿ ತರಬ್ಯಾಡ್ರಿ ಮತ್ತೆ!"