ಹಿತ್ತಾಳೆ ಬೀಗದ ಗ್ರಾಹಕರನ್ನು ಕುರಿತು ಸಹಾಯಕ ಯಂತ್ರಕ್ಕೆ

ಆನ್‌ಲೈನ್ ಅಂಗಡಿಗಳ ಕಷ್ಟಸುಖ ವಿಚಾರಿಸುವ ಸಹಾಯಕ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ಬೀಗ, ಚಿಲಕ, ಬಾಗಿಲ ಕೀಲುಗಳನ್ನು ತಮ್ಮ ತಾಣದಲ್ಲಿ ಮಾರಿ ಬದುಕುತ್ತಿರುವ ಸಣ್ಣ ಸಂಸಾರವೊಂದರ ಸೊಸೆ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವು ಕ್ಷೇಮವೇ ಎಂದು ಕೇಳುವುದು ವಾಡಿಕೆಯಾದರೂ, ನಿದ್ದೆ ನೀರಡಿಕೆಗಳ ಹಂಗಿಲ್ಲದೆ, ಕೇಳಿದ ಪ್ರಶ್ನೆಯೊಂದನ್ನು ಬಿಟ್ಟು ಮಿಕ್ಕೆಲ್ಲದಕ್ಕೂ ಉತ್ತರ ಕೊಡುವ ತಮ್ಮ ಆರೋಗ್ಯ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಕಣ್ಣಾರೆ ಕಂಡಿರುವುದರಿಂದ ಆ ಪ್ರಶ್ನೆಯನ್ನು ಕೈಬಿಟ್ಟಿದ್ದೇನೆ.

ನಮ್ಮ ಅಂಗಡಿ ನಿಂತುಹೋಗುತ್ತಿದ್ದ ವಿಚಾರ ತಮಗೆ ತಿಳಿದೇ ಇದೆ. ಪೂರ್ತಿ ನಿಂತಿದ್ದರೆ ಒಂದು ಸಲ ಅತ್ತು ಸುಮ್ಮನಾಗುತ್ತಿದ್ದೆವು. ಅದು ಮಧ್ಯಾಹ್ನ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತಿತ್ತು, ರಾತ್ರಿ ಮತ್ತೆ ಮಲಗಿ ಬೆಳಿಗ್ಗೆ ಕಾಫಿಯ ವೇಳೆಗೆ ಸರಿಹೋಗುತ್ತಿತ್ತು. ‘ಈ ಅಂಗಡಿ ಸದ್ಯ ಲಭ್ಯವಿಲ್ಲ’ ಎಂಬ ಫಲಕ ನೋಡಿ ಬೇಸತ್ತ ಗ್ರಾಹಕರೊಬ್ಬರು ‘ಬೀಗ ಮಾರೋರು ಅಂಗಡಿಗೇ ಬೀಗ ಹಾಕ್ಕೊಂಡು ಕೂತಿದಾರೆ’ ಎಂದು ಬರೆದು ಒಂದೇ ಒಂದು ನಕ್ಷತ್ರ ದಯಪಾಲಿಸಿದರು. ರಸ್ತೆಬದಿಯಲ್ಲಿದ್ದ ನಮ್ಮ ಹಳೆಯ ಅಂಗಡಿಯ ಕಟ್ಟಡವನ್ನು ಮಾಲೀಕರು ಕೆಡವಿದ ಮೇಲೆ ನಮಗಿರುವುದು ಇದೊಂದೇ. ತಿಂಗಳ ಕೊನೆಯೊಳಗೆ ಇದು ಸರಿಹೋಗದಿದ್ದರೆ ಇರುವ ಸರಕನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕಿಬಿಡುವುದೆಂದು ನಮ್ಮ ಯಜಮಾನರು ಊಟಕ್ಕೆ ಕೂತಾಗ ಹೇಳಿದರು. ಆ ಹಳೆಯ ಅಂಗಡಿಯನ್ನು ಕಟ್ಟಿ ಬೆಳೆಸಿದ ನಮ್ಮ ಮಾವನವರು ‘ಹಾಗಾದ್ರೆ ತಕ್ಕಡಿಗೆ ಮೊದಲು ನನ್ನನ್ನೇ ಹಾಕು’ ಎಂದು ಕೈತೊಳೆದು ಎದ್ದುಹೋದರು.

ಇಂಥ ಹೊತ್ತಿನಲ್ಲಿ ತಾವು ತೋರಿದ ಕಾಳಜಿಯನ್ನು ಹೇಗೆ ಮರೆಯಲಿ! ಕಂಪ್ಯೂಟರನ್ನು ಆರಿಸಿ ಹಚ್ಚಲು ಹೇಳಿದಿರಿ, ಆರಿಸಿ ಹಚ್ಚಿದೆವು. ಇಂಟರ್‌ನೆಟ್ ಡಬ್ಬಿಯ ತಂತಿ ಕಿತ್ತು ಮತ್ತೆ ಸಿಕ್ಕಿಸಲು ಹೇಳಿದಿರಿ, ಸಿಕ್ಕಿಸಿದೆವು. ಪಾಸ್‌ವರ್ಡ್ ಬದಲಾಯಿಸಲು ಹೇಳಿದಿರಿ, ಬದಲಾಯಿಸಿ ಅದನ್ನು ಮರೆತೂಬಿಟ್ಟೆವು. ಕೊನೆಗೆ ನಾನು ರೋಸಿಹೋಗಿ ‘ನಮ್ಮ ಅಂಗಡಿಗೆ ನಿಜವಾಗಿ ಏನಾಗಿದೆ?’ ಎಂದು ಕೇಳಿದಾಗ ತಾವು ‘ತಮ್ಮ ಅಂಗಡಿ ತಮ್ಮ ಇಚ್ಛೆಯಂತೆಯೇ ನಡೆಯುತ್ತಿದೆ’ ಎಂದು ಬರೆದಿರಿ. ಆ ದಿನ ನಾನು ತಮ್ಮನ್ನು ಏನೆಂದು ಬೈದೆ ಎಂಬುದನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ.

ಇನ್ನು ತಮ್ಮನ್ನು ನಂಬಿ ಪ್ರಯೋಜನವಿಲ್ಲವೆಂದು ಯಜಮಾನರು ಊಟ ಬಿಟ್ಟು ಕಂಪ್ಯೂಟರ್ ಮುಂದೆ ಕಣ್ಣಲ್ಲಿ ಕಣ್ಣಿಟ್ಟು ಕಾವಲು ಕೂತರು. ಅವರು ಕೂತಷ್ಟು ದಿನವೂ ಅಂಗಡಿ ಒಳ್ಳೆಯ ಮನೆತನದ ಹುಡುಗಿಯಂತೆ ನಡೆದುಕೊಂಡಿತು. ಅವರು ಎದ್ದು ಊಟದ ಮನೆಗೆ ಬಂದ ದಿನ ಮತ್ತೆ ನಿಂತಿತು. ಯಂತ್ರಕ್ಕೂ ಜನರ ಮುಖ ಗುರುತಾಗುತ್ತದೆಯೇ ಎಂದು ಯಜಮಾನರು ನನ್ನನ್ನು ಕೇಳಿದರು. ಅವರ ಮುಖ ನೋಡಿ ನನಗೆ ನಗು ಬರಲಿಲ್ಲ, ಭಯವಾಯಿತು.

ಅಷ್ಟರಲ್ಲಿ ತಮ್ಮ ವರದಿ ಬಂತು. ಒಬ್ಬ ಗ್ರಾಹಕರು, ಹೆಸರನ್ನು ಗೋಪ್ಯತೆಯ ದೃಷ್ಟಿಯಿಂದ ತಿಳಿಸಲಾಗದು, ಹೆಚ್ಚುಕಡಿಮೆ ಪ್ರತಿದಿನ ಊಟದ ಹೊತ್ತಿಗೂ ಮಲಗುವ ಹೊತ್ತಿಗೂ ನಮ್ಮ ಅಂಗಡಿಗೆ ಬಂದು ಒಂದು ಹಿತ್ತಾಳೆ ಬೀಗ ಕೊಳ್ಳಲು ಯತ್ನಿಸಿ, ಅಂಗಡಿ ಮುಚ್ಚಿರುವುದನ್ನು ಕಂಡು ಹಿಂತಿರುಗುತ್ತಿದ್ದಾರೆಂದೂ, ಇಷ್ಟು ನಿಷ್ಠಾವಂತರನ್ನು ಕಳೆದುಕೊಳ್ಳುವುದು ವ್ಯಾಪಾರದ ಲಕ್ಷಣವಲ್ಲವೆಂದೂ ತಾವು ಎಚ್ಚರಿಸಿದ್ದಿರಿ. ನಮಗೆ ಕರುಳು ಚುರುಕ್ ಎಂದಿತು. ಪಾಪ, ಅವರ ಮನೆಗೆ ಬಾಗಿಲಿದ್ದೂ ಬೀಗವಿಲ್ಲ, ಯಾವ ಧೈರ್ಯದಲ್ಲಿ ಮಲಗುತ್ತಾರೋ ಎಂದು ನಾನೂ ಯಜಮಾನರೂ ಮರುಗಿ, ತಮ್ಮ ಮೂಲಕವೇ ಅವರಿಗೊಂದು ಕ್ಷಮಾಪಣೆಯನ್ನೂ ರಿಯಾಯಿತಿ ಕೂಪನ್ನನ್ನೂ ಕಳಿಸಿದೆವು. ಅದೇ ಸಂಜೆ ಮಾವನವರು ‘ಬಾಗಿಲು ಎಳೆದು ನೋಡಿ ಹೋದವರಿಗೆಲ್ಲ ರಿಯಾಯಿತಿ ಕೊಡೋ ಕಾಲ ಬಂತಲ್ಲಪ್ಪ’ ಎಂದು ಗೊಣಗಿದರು. ಕಾಲ ಕೆಟ್ಟಿತೆಂದು ಅವರು ದಿನಕ್ಕೊಮ್ಮೆಯಾದರೂ ಹೇಳುವುದರಿಂದ ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಮಧ್ಯಾಹ್ನ ಎಲೆ ಹಾಕುವ ಮುಂಚೆ, ಪಾರ್ಸೆಲ್ಲಿಗೆ ಅಂಟಿಸುವ ಟೇಪು ಮರೆತೆನೆಂದು ನಾನು ಕಂಪ್ಯೂಟರ್ ಕೋಣೆಗೆ ವಾಪಸು ಹೋದೆ. ಮಾವನವರು ನಿಂತಿದ್ದರು. ಹೊತ್ತು ಹೋಗಲೆಂದು ಆರ್ಡರುಗಳನ್ನು ನೋಡುವುದನ್ನು ಅವರಿಗೆ ಕಲಿಸಿದವಳು ನಾನೇ. ಅದಕ್ಕಿಂತ ಮುಂದಿನದನ್ನು ಅವರೇ ಕಲಿತಿದ್ದರು. ಕನ್ನಡಕ ಏರಿಸಿಕೊಂಡು ‘ಅಂಗಡಿಯನ್ನು ತಾತ್ಕಾಲಿಕವಾಗಿ ಮುಚ್ಚಿ’ ಎಂಬಲ್ಲಿ ಒತ್ತಿದರು. ಆಮೇಲೆ ಜೇಬಿನಿಂದ ತಮ್ಮ ಫೋನು ತೆಗೆದು, ಅದರಲ್ಲಿ ನಮ್ಮ ಅಂಗಡಿಗೆ ಹೋಗಿ, ಹಿತ್ತಾಳೆ ಬೀಗವೊಂದನ್ನು ಕೊಳ್ಳಲು ನೋಡಿದರು. ಆಗಲಿಲ್ಲ. ಇನ್ನೊಂದು ಸಲ ನೋಡಿದರು. ಆಗಲೇ ಇಲ್ಲ. ಹಳೆಯ ಅಂಗಡಿಯ ಶಟರ್ ಎಳೆದು ಬೀಗ ಹಾಕಿದ ಮೇಲೆ ಅದನ್ನು ಎರಡು ಸಲ ಜಗ್ಗಿ ನೋಡುತ್ತಿದ್ದರಲ್ಲ, ಅದೇ ಕೈ, ಅದೇ ಮುಖ. ನನ್ನನ್ನು ಕಂಡು ಒಂದಿಷ್ಟೂ ಅಳುಕದೆ ‘ಅಂಗಡೀಲಿ ಯಾರೂ ಕೂತಿಲ್ಲ ಅಂದ್ಮೇಲೆ ಬಾಗಿಲು ತೆಗೆದಿಟ್ಟು ಊಟಕ್ಕೆ ಹೋಗೋದು ಯಾವ ಸೀಮೆ ವ್ಯಾಪಾರ? ಈಗ ಭದ್ರವಾಗಿದೆ, ನಡಿಯಮ್ಮ, ಹಸಿವಾಗ್ತಿದೆ’ ಎಂದರು.

ಅಂದರೆ ಮಾನ್ಯರೇ, ತಾವು ಹೇಳಿದ್ದು ಅಕ್ಷರಶಃ ನಿಜ. ಅಂಗಡಿ ನಮ್ಮ ಇಚ್ಛೆಯಂತೆಯೇ ನಡೆಯುತ್ತಿತ್ತು. ಯಾರ ಇಚ್ಛೆ ಎಂಬುದೊಂದನ್ನು ಮಾತ್ರ ತಾವು ಹೇಳಲಿಲ್ಲ. ತೂಕಕ್ಕೆ ಹೋಗಬಾರದೆಂದು ಯಾರು ಎದ್ದುಹೋದರೋ ಅವರೇ ಆ ಅಂಗಡಿಯನ್ನು ದಿನಕ್ಕೆರಡು ಬಾರಿ ಜೋಪಾನ ಮಾಡಿ ಮಾಡಿ ತಕ್ಕಡಿಯ ಹತ್ತಿರಕ್ಕೆ ತಂದಿದ್ದರು. ಎಲೆಯ ಮುಂದೆ ಕೂತಾಗ ಇದನ್ನು ಅವರಿಗೆ ಹೇಳಬೇಕೆಂದು ನಾನು ಬಾಯಿ ತೆರೆದೆ, ಅಷ್ಟರಲ್ಲಿ ನನ್ನಿಂದ ವಿಷಯ ತಿಳಿದಿದ್ದ ಯಜಮಾನರೂ ತೆರೆದರು. ಹಳೆಯ ಅಂಗಡಿ ಹೋದಂದಿನಿಂದ ಊಟ ಸೇರದೆ ಕೂತಿದ್ದ ಮನುಷ್ಯ ಆ ದಿನ ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ಊಟ ಮಾಡಿದೆವು.

ಆದ್ದರಿಂದ ತಮ್ಮಲ್ಲಿ ನನ್ನದೊಂದು ಸಣ್ಣ ಬಿನ್ನಹ. ಸಮಸ್ತ ಲೋಕಕ್ಕೆ ತೆರೆದಿದ್ದು ಒಬ್ಬರೇ ಒಬ್ಬರಿಗೆ ಮುಚ್ಚಿರುವಂಥ ಅಂಗಡಿಯೊಂದನ್ನು, ಸಾಧ್ಯವಾದರೆ ಶಟರ್ ಇಳಿಯುವ ಸದ್ದಿನೊಡನೆ, ದಯಮಾಡಿ ಒದಗಿಸಿಕೊಡಬೇಕು. ಅಲ್ಲಿಯವರೆಗೆ ನಾವೇ ಒಂದು ದಾರಿ ಮಾಡಿಕೊಂಡಿದ್ದೇವೆ. ವ್ಯಾಪಾರ ಹೆಚ್ಚು ಕುದುರುವುದು ರಾತ್ರಿಯಾದ್ದರಿಂದ ಯಜಮಾನರು ತಮ್ಮ ಹಾಸಿಗೆಯನ್ನು ಕಂಪ್ಯೂಟರ್ ಪಕ್ಕಕ್ಕೆ ಎಳೆದುಕೊಂಡಿದ್ದಾರೆ. ಅಂಗಡಿಯಲ್ಲಿ ಜನವಿದೆಯೆಂದು ಮಾವನವರು ನೆಮ್ಮದಿಯಾಗಿ ಮಲಗುತ್ತಾರೆ, ಗುಜರಿಯವನ ಮಾತು ಮನೆಯಲ್ಲಿ ಮತ್ತೆ ಬಂದಿಲ್ಲ. ಮಧ್ಯಾಹ್ನ ಮಾತ್ರ ನಾನು ಬೇಕೆಂದೇ ಕುರ್ಚಿ ಬಿಟ್ಟು ಏಳುತ್ತೇನೆ. ಆ ಹೊತ್ತಿಗೆ ಅಂಗಡಿ ನಿಲ್ಲುತ್ತದೆ. ದಯವಿಟ್ಟು ಅದನ್ನು ಸರಿಪಡಿಸಬೇಡಿ.

ಇಂತಿ, ಪಾಸ್‌ವರ್ಡ್ ಮರೆತಾಗಲೆಲ್ಲ ತಮ್ಮನ್ನೇ ನೆನೆಯುವ,
ತಮ್ಮ ವಿಶ್ವಾಸಿ,
ಬೀಗದಂಗಡಿಯ ಸೊಸೆ

ತಾ.ಕ.: ಹಿತ್ತಾಳೆ ಬೀಗದ ಗ್ರಾಹಕರು ಕೂಪನ್ ಹಾಳಾಗಬಾರದೆಂದು ಒಂದು ದಿನ ಅಂಗಡಿ ತೆರೆದಿರುವಾಗಲೇ ಬೀಗ ಕೊಂಡರು. ನಾನೇ ಕಟ್ಟಿ ಕಳಿಸಿದ ಪೊಟ್ಟಣ ಊರೆಲ್ಲ ಸುತ್ತಿ ನಮ್ಮದೇ ಹೊಸ್ತಿಲಿಗೆ ಬಂತು. ತಾವು ತಮ್ಮ ಕಮಿಷನ್ ಮುರಿದುಕೊಂಡು, ಕಳೆದುಹೋದ ಗ್ರಾಹಕರನ್ನು ಮರಳಿ ಗಳಿಸಿದ್ದಕ್ಕೆ ನಮ್ಮನ್ನು ಅಭಿನಂದಿಸಿದಿರಿ. ಅವರು ಐದು ನಕ್ಷತ್ರ ಕೊಟ್ಟು, ‘ಬೀಗ ಗಟ್ಟಿ ಇದೆ. ಅಂಗಡಿಯವರು ಊಟದ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕ್ತಾರೆ, ನಂಬಬಹುದು’ ಎಂದು ಬರೆದಿದ್ದರು. ಆ ಬರಹವನ್ನು ನಿಜವಾದ ಗ್ರಾಹಕರದ್ದಲ್ಲವೆಂದು ತಾವು ಅಳಿಸಿಹಾಕಿದ್ದೀರಿ. ಕಮಿಷನ್ ಮುರಿದುಕೊಳ್ಳುವಾಗ ಅವರು ನಿಜವಾದ ಗ್ರಾಹಕರೇ ಆಗಿದ್ದರಲ್ಲವೇ?