ಕಾವು ಕೊಡುವ ಕಂಪ್ಯೂಟರು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದು ಫ್ಯಾನು. ಮಾಲತೇಶ ಅದನ್ನು ಮುಂಬಯಿಯಿಂದ ತರಿಸಿ, ಗೇಮ್ ಆಡುವುದಕ್ಕೆಂದೇ ತಾನು ಜೋಡಿಸಿದ ಕಂಪ್ಯೂಟರಿನ ಬೆನ್ನಿಗೆ ಕೂರಿಸಿದ್ದ. ೨೦೦೫ರ ಆಷಾಢ. ಕಮರಿಪೇಟೆಯ ಆ ಓಣಿಯಲ್ಲಿ ಅಂಥ ಯಂತ್ರವನ್ನು ಯಾರೂ ಕಂಡಿರಲಿಲ್ಲ. ಪಕ್ಕಕ್ಕೆ ಗಾಜು, ಒಳಗೆ ನೀಲಿ ದೀಪ. ಗೇಮ್ ಶುರುವಾದರೆ ಸಾಕು, ಫ್ಯಾನು ಒಳಗಿನ ಕಾವನ್ನೆಲ್ಲ ಭುಸುಭುಸು ಹೊರಗೆ ದಬ್ಬುತ್ತಿತ್ತು.

ಕಂಪ್ಯೂಟರಿನ ಅಂಗಡಿ ಹಾಕಿದ ಎರಡು ವರ್ಷದಲ್ಲಿ ಅಂಥದೊಂದೂ ಮಾರಾಟವಾಗಿರಲಿಲ್ಲ. ಜನ ಬಂದು ನೋಡಿ, ಇದರಲ್ಲಿ ಜಾತಕ ಬರುತ್ತದೆಯೇ ಎಂದು ಕೇಳಿ ಹೋಗುತ್ತಿದ್ದರು. ಕಡೆಗೆ ಧಾರವಾಡದ ವೆಂಕಣ್ಣ ಸಿಕ್ಕ. ತನ್ನ ಖಾನಾವಳಿಗೆ ಮಳೆಗಾಲದಲ್ಲಿ ಗಿರಾಕಿಯೇ ಇಲ್ಲ, ಅದನ್ನು ಮುಚ್ಚಿ ಹುಡುಗರಿಗೆ ಗೇಮಿನ ಅಂಗಡಿ ಹಾಕುತ್ತೇನೆ, ಇಂಥವು ಹತ್ತು ಬೇಕು, ಗುರುವಾರ ಬಂದು ನೋಡಿ ಮುಂಗಡ ಕೊಡುತ್ತೇನೆ ಎಂದಿದ್ದ. ಇದೂ ತಪ್ಪಿದರೆ ಮಾಲತೇಶ ಅಂಗಡಿ ಮುಚ್ಚಿ, ಸೋದರಮಾವ ಗುರುಶಿದ್ದಪ್ಪನ ಹತ್ತಿರ ದನಕ್ಕೆ ಹಾಕುವ ಶೇಂಗಾಹಿಂಡಿ ತೂಗಲು ಹೋಗಬೇಕು. ಅಪ್ಪನಿಗೆ ಹಾಗಂತ ಮಾತು ಕೊಟ್ಟಾಗಿತ್ತು.

ಗುರುವಾರ ಬೆಳಿಗ್ಗೆ ಪರೀಕ್ಷೆಗೆಂದು ಗೇಮ್ ಹಚ್ಚಿದ. ಸದ್ದು ಕೇಳಿ ಅಂಗಡಿಯ ಜಾಗ ಬಾಡಿಗೆಗೆ ಕೊಟ್ಟ ಮಾಲಕಿ ಸತ್ಯವ್ವ ಹಿಂದಿನ ಮನೆಯಿಂದ ಜಗಳಕ್ಕೆಂದೇ ಬಂದಳು. ಬಂದವಳು ಜಗಳ ಬಿಟ್ಟು ಫ್ಯಾನಿನ ಮುಂದೆ ಕೈಯೊಡ್ಡಿದಳು. ಅವಳ ಉದ್ದಿನ ಹಪ್ಪಳ ಬಿಸಿಲು ಕಂಡು ಎಂಟು ದಿನವಾಗಿತ್ತು.

"ತಮ್ಮಾ, ಹಂಚಿನ ಗತೆ ಕಾವು ಬರಾಕತ್ತೈತಲ್ಲೋ. ನಾಕ ಹಪ್ಪಳ ಇಡತೇನಿ. ನಿನಗೇನ ತ್ರಾಸಿಲ್ಲ."

ಮಾಲಕಿಗೆ ಒಲ್ಲೆ ಎನ್ನುವ ಧೈರ್ಯ ಅವನಿಗೆಲ್ಲಿ? ನಾಲ್ಕು ಹಪ್ಪಳ ಹೋಗಿ ನಾಲ್ಕು ಮೊರವಾಯಿತು. ಹನ್ನೊಂದಕ್ಕೆ ಎದುರು ಮನೆಯ ಗುಲ್ಜಾರಬಿ ಥಂಡಿ ಹಿಡಿದ ಬ್ಯಾಡಗಿ ಮೆಣಸಿನಕಾಯಿ ಬುಟ್ಟಿ ಹೊತ್ತು ತಂದಳು. ಘಾಟಿಗೆ ಸೀನಿ ಸೀನಿ ಮಾಲತೇಶ ಹೈರಾಣಾದ. ಗೇಮ್ ನಿಲ್ಲಿಸಿದರೆ ಗಾಳಿ ತಣ್ಣಗಾಗುತ್ತಿತ್ತು. ತಣ್ಣಗಾದ ಕೂಡಲೇ ಸತ್ಯವ್ವ ಬಂದು ಯಾಕೆ ನಿಲ್ಲಿಸಿದೆ ಎಂದು ದಬಾಯಿಸುತ್ತಿದ್ದಳು. ಪಾಪ, ಮೂಗು ಒರೆಸಿಕೊಳ್ಳುತ್ತ ಊಟವಿಲ್ಲದೆ ರಾಕ್ಷಸರನ್ನು ಕೊಲ್ಲುತ್ತ ಕೂತ. ನಡುವೆ ಇಣುಕಿದ ಗುರುಶಿದ್ದಪ್ಪ, ನಮ್ಮ ಹಿಂಡಿ ಅಂಗಡಿಯಲ್ಲಿ ಇಷ್ಟು ಘಾಟಿಲ್ಲ ಎಂದು ಸಮಾಧಾನ ಹೇಳಿ, ಅಲ್ಲೇ ಬಾಗಿಲಲ್ಲಿ ಕೂತುಬಿಟ್ಟ.

ನಾಲ್ಕಕ್ಕೆ ವೆಂಕಣ್ಣ ಬಂದ. ಮೊರ ಎತ್ತಿಡಲೂ ಹೊತ್ತಿರಲಿಲ್ಲ. ಮಾಲತೇಶ ಮೊರಗಳಿಗೆ ಅಡ್ಡಲಾಗಿ ನಿಂತ. ಹಪ್ಪಳದ ಮಾತೆತ್ತದೆ ಯಂತ್ರದ ವೇಗ, ಚಿತ್ರದ ಸೊಗಸು ಎಲ್ಲ ವರ್ಣಿಸಿದ. ವೆಂಕಣ್ಣ ತಾನೂ ಆಡಿ, ಮೂರು ರಾಕ್ಷಸರನ್ನು ಹೊಡೆದು, ಭಾಳ ಛಲೋ ಅದ ಎಂದ. ಮುಂಗಡದ ಲಕೋಟೆ ಕಿಸೆಯಿಂದ ಹೊರಗೂ ಬಂತು. ಅಷ್ಟರಲ್ಲಿ ಸತ್ಯವ್ವ, ಬಂದವರಿಗೆ ಬರಿ ಚಹಾ ಹೇಗೆ ಕೊಡುವುದೆಂದು, ಜೊತೆಗೆ ಹಪ್ಪಳ ಕರಿದು ತಂದಿಟ್ಟಳು.

ವೆಂಕಣ್ಣ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಕರ್ರ್ ಎಂದಿತು. ಅವನು ಅಗಿಯುವುದನ್ನೇ ಮರೆತ.

"ಈ ಮಳ್ಯಾಗ ಹೆಂಗ ಒಣಗಿಸಿದ್ರಿ, ಅವ್ವಾರ?"

ಸತ್ಯವ್ವ ಫ್ಯಾನಿನ ಕಡೆ ಕೈ ಮಾಡಿದಳು. ವೆಂಕಣ್ಣನ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿಗೋ ಸಂತೋಷಕ್ಕೋ ತಿಳಿಯಲಿಲ್ಲ. ಅವನ ಖಾನಾವಳಿ ಮುಳುಗಿದ್ದೇ ಹಪ್ಪಳದಿಂದ. ಮಳೆ ಹಿಡಿದರೆ ತಾಟಿನಲ್ಲಿ ಹಪ್ಪಳ ಮೆತ್ತಗೆ, ಗಿರಾಕಿಗಳೆಲ್ಲ ಎದುರಿನ ಖಾನಾವಳಿಗೆ.

"ಮಾಲತೇಶಾ, ಇನ್ನ ನಾ ಖಾನಾವಳಿ ಯಾಕ ಮುಚ್ಚಲಿ? ಗೇಮಿನ ಅಂಗಡಿ ಬ್ಯಾಡ ಬಿಡು. ನಿನ್ನ ಯಂತ್ರ ನನ್ನ ಉಳಸ್ತು," ಎಂದವನೇ ಲಕೋಟೆಯನ್ನು ಸತ್ಯವ್ವನ ಕೈಗಿಟ್ಟ. ವಾರಕ್ಕೆ ಸಾವಿರ ಹಪ್ಪಳವಂತೆ.

ಮಾಲತೇಶನಿಗೆ ಅಳುವೇ ಬಂತು. ಇನ್ನೇನು ಉಳಿದಿದೆ ಎಂದು ಯಂತ್ರ ಆರಿಸಲು ಕೈ ಚಾಚಿದ. ಸತ್ಯವ್ವ ಆ ಕೈ ಹಿಡಿದಳು.

"ಆರಿಸಬ್ಯಾಡ ತಮ್ಮಾ. ನಿಮ್ಮ ಮಾವಗ ಹೇಳೇನಿ. ಹಗಲೆಲ್ಲ ಹಿಂಡಿ ತೂಗು, ಸಂಜಿಗೆ ಬಂದು ಗೇಮ್ ಆಡು. ಇನ್ನೂ ಎರಡ ಮೊರ ಹಸಿ ಅದಾವ."

ಬಾಗಿಲಲ್ಲಿ ಕೂತ ಗುರುಶಿದ್ದಪ್ಪ ಹಪ್ಪಳ ಕಡಿಯುತ್ತ ತಲೆಯಾಡಿಸಿದ. ಮಾಲತೇಶ ಕಣ್ಣೊರೆಸಿಕೊಂಡು ಕುರ್ಚಿಯಲ್ಲಿ ಕೂತು, ಮತ್ತೆ ಮೊದಲನೆಯ ರಾಕ್ಷಸನಿಂದ ಶುರು ಮಾಡಿದ.