ಉಳವಪ್ಪ ಹಾಕಿಸಿದ ಹಂಪು

ಹಳಿಯಾಳದ ಉಳವಪ್ಪನ ನಿದ್ದೆ ಕೆಡಿಸಿದ್ದು ಅವ್ವನ ಹರಿದ ಸೆರಗು. ಕಾರ್ಖಾನೆಗೆ ಓಡುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನ ಹಿಂದಿನ ಟ್ರೇಲರ್ ಗುರುಸಿದ್ದವ್ವನ ಸೆರಗು ಸಿಕ್ಕಿಸಿಕೊಂಡು ಹೋಗಿತ್ತು. ಸೆರಗಿನ ಜೊತೆ ಅವ್ವನೂ ಹೋಗಿದ್ದರೆ?

"ಗುಡಿಗೆ ಹೊಂಟಿದ್ನೆಪಾ, ದಾಟಾಕ ಬಿಡವೊಲ್ಲರು" ಎಂದಿದ್ದಳು ಎಪ್ಪತ್ತೆರಡರ ಮುದುಕಿ.

ಅಂದಿನಿಂದ ಹಾರ್ನ್ ಕೇಳಿದರೆ ಸಾಕು, ಉಳವಪ್ಪನ ಎದೆ ಧಸಕ್ ಎನ್ನುತ್ತಿತ್ತು. ದಿನಾ ಸಂಜೆ ಅವ್ವ ಸುಲಿದಿಟ್ಟ ಕಬ್ಬು ಜಗಿಯುತ್ತ ಮನೆ ಮುಂದಿನ ರಸ್ತೆಗೆ ವೇಗ ತಗ್ಗಿಸುವ ಹಂಪು ಹಾಕಿಸಿರೆಂದು ಪುರಸಭೆಗೆ ಒಂದೊಂದರಂತೆ ಹನ್ನೊಂದು ಅರ್ಜಿ ಬರೆದ. ಹನ್ನೆರಡನೆಯದಕ್ಕೆ ಕಾಗದ ತೆಗೆಯುವಷ್ಟರಲ್ಲಿ ಹಂಪು ಹಾಕುವವರು ಬಂದೇಬಿಟ್ಟರು.

ಅವರ ಹಿಂದೆ ಓಣಿಯೂ ಬಂತು.

"ನಮ್ಮ ಮನಿ ಮುಂದ ಬ್ಯಾಡ್ರಿ! ಟ್ರೇಲರ್ ಧಡಾಲ್ ಅಂದ್ರ ನಮ್ಮ ಗ್ವಾಡಿ ಬಿರುಕ ಬಿಡತಾವ" ಎಂದು ಪಕ್ಕದ ಮನೆಯ ಗೋದುಬಾಯಿ ಅಡ್ಡ ನಿಂತಳು.

"ನಮ್ಮ ಅಂಗಡಿ ಮುಂದ ಹಾಕ್ರಿ, ನಿಂತವರು ಚಹಾನರ ಕುಡೀತಾರ" ಎಂದ ಮೂಲೆಯ ಚಹಾದಂಗಡಿಯ ಶಿವಯೋಗಿ.

"ಅಲ್ಲಿಂದ ಇಲ್ಲಿಗೆ ಬರೂದ್ರಾಗ ಮತ್ತ ಜೋರ ಹೊಡೀತಾರೋ ಮಾರಾಯಾ! ನಮ್ಮವ್ವನ ಗತಿ ಏನು?" ಉಳವಪ್ಪ ನಡುವೆ ಬಂದ.

"ಡಾಂಬರ ಆರಾಕ ಹತ್ತೈತ್ರಿ. ಲಗೂನ ಜಾಗಾ ತೋರಸ್ರಿ, ಇಲ್ಲಂದ್ರ ನಾವ ಹೊಂಟ್ವಿ" ಎಂದು ಕೆಲಸದವನು ಸಲಿಕೆ ಎತ್ತಿದ.

ಉಳವಪ್ಪ ಬೆವತುಹೋದ. "ನಮ್ಮ ಬಾಗಲ ಮುಂದನ ಹಾಕ್ರಿ! ಗ್ವಾಡಿ ಬಿದ್ರ ನಮ್ದ ಬೀಳ್ಲಿ!"

ಕಟ್ಟೆಯ ಮೇಲೆ ಕೂತಿದ್ದ ಗುರುಸಿದ್ದವ್ವ ಬೊಚ್ಚುಬಾಯಿ ತುಂಬ ನಕ್ಕಳು. "ಭಾಳ ಛಲೋ ಜಾಗಾ ನೋಡು" ಎಂದಳು.

ಸಂಜೆ ಮೊದಲ ಟ್ರ್ಯಾಕ್ಟರ್ ಬಂತು. ಉಳವಪ್ಪ ಉಸಿರು ಬಿಗಿಹಿಡಿದ. ಅದು ಹಂಪಿನ ಹತ್ತಿರ ಗಬ್ಬದ ಎಮ್ಮೆಯಂತೆ ಮೆಲ್ಲಗಾಯಿತು. ಅವನ ಕಣ್ಣು ತುಂಬಿ ಬಂತು. "ನೋಡಿದ್ಯಾ ಅವ್ವಾ?" ಎಂದು ತಿರುಗಿದರೆ ಕಟ್ಟೆ ಖಾಲಿ!

ಅವ್ವ ನಡುರಸ್ತೆಯಲ್ಲಿದ್ದಳು. ಹಿಂದಿನ ಟ್ರೇಲರಿನಿಂದ ಎರಡೂ ಕೈಯಲ್ಲಿ ಕಬ್ಬು ಜಗ್ಗುತ್ತಿದ್ದಳು. ಪಕ್ಕದಲ್ಲಿ ಗೋದುಬಾಯಿಯೂ ಜಗ್ಗುತ್ತಿದ್ದಳು. ಕಬ್ಬು ಸರ್ರನೆ ಕಿತ್ತು ಬಂದು ಅವ್ವ ಹಿಂದಕ್ಕೆ ವಾಲಿದಳು. ಉಳವಪ್ಪ ಓಡಿ ಅಪ್ಪಿ ಹಿಡಿಯದಿದ್ದರೆ ಬರುತ್ತಿದ್ದ ಬೈಕಿನ ಕೆಳಗೇ ಬೀಳುತ್ತಿದ್ದಳು.

"ಅವ್ವಾ! ಅವತ್ತ ಗುಡಿಗೆ ಹೊಂಟಿದ್ನಿ ಅಂದಿದ್ದೆಲ್ಲ?"

"ನೀ ಅಂಜತೀ ಅಂತ ಹಂಗ ಅಂದ್ನಿ. ಅವತ್ತ ಅಂವ ಜೋರ ಹೋದಾ. ಕಬ್ಬ ಬರಲಿಲ್ಲ, ಸೆರಗ ಹೋತು."

"ಬಾಯಾಗ ಒಂದ ಹಲ್ಲಿಲ್ಲ, ನಿನಗ್ಯಾಕ ಬೇಕಿತ್ತ ಕಬ್ಬು?"

"ನನಗಲ್ಲೋ ಹುಚ್ಚಾ! ಅರ್ಜಿ ಬರೀತ ದಿನಾ ಜಗೀತಿದ್ದೆಲ್ಲ, ಅದು ಎಲ್ಲಿಂದ ಬಂತಂತ ತಿಳದಿ?"

ಅಷ್ಟರಲ್ಲಿ ದೂರದಲ್ಲಿ ಹಾರ್ನ್ ಕೇಳಿಸಿ ಉಳವಪ್ಪನ ಎದೆ ಧಸಕ್ ಎಂದಿತು.

"ಇದನ್ನ ಹಿಡಿ, ಇನ್ನೊಂದ ಬಂತು" ಎಂದು ಕಬ್ಬನ್ನು ಅವನ ಕೈಗಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವ್ವ ಹಂಪಿನತ್ತ ನಡೆದಳು.